ದೈವಪಾಲನೆ ಮತ್ತು ದೇಗುಲದ ಬಾಗಿಲು: ಮಲಬಾರಿನ ಯೆಹೂದ್ಯರ ನಂಬುಗೆಯ ಚರಿತ್ರೆ

1

ದೇವರು ಲೋಕವನ್ನು ಸೃಷ್ಟಿಸಿದನೆಂದು ನಂಬುವುದು ಒಂದು. ಆ ದೇವರು ತನ್ನ ಹಸಿವನ್ನು, ತನ್ನ ಪ್ರಯಾಣವನ್ನು, ತನ್ನ ಮಗುವಿನ ಜ್ವರವನ್ನು ಬಲ್ಲನೆಂದು ನಂಬುವುದು ಇನ್ನೊಂದು. ಯೆಹೂದ್ಯ ಚಿಂತನೆಯಲ್ಲಿ ಈ ಎರಡನೆಯ ನಂಬುಗೆಗೆ ಸಂಬಂಧಿಸಿದಂತೆ ಎರಡು ಪಾರಿಭಾಷಿಕ ಪದಗಳಿವೆ. ದೇವರು ಒಬ್ಬೊಬ್ಬ ವ್ಯಕ್ತಿಯನ್ನೂ ಪ್ರತ್ಯೇಕವಾಗಿ ನೋಡಿ ಕಾಯುತ್ತಾನೆ ಎಂಬ ತತ್ತ್ವಕ್ಕೆ ‘ಹಶ್ಗಾಹಾ ಪ್ರಾತಿತ್’ ಎಂದು ಹೆಸರು. ಆ ತತ್ತ್ವವನ್ನು ನೆಚ್ಚಿ ಮನುಷ್ಯನು ತಾಳುವ ಭರವಸೆಯೇ ‘ಬಿತ್ತಾಹೋನ್’. ಮೊದಲನೆಯದು ದೇವರ ಕಡೆಯ ಮಾತು. ಎರಡನೆಯದು ಭಕ್ತನ ಕಡೆಯದು. ಕನ್ನಡದಲ್ಲಿ ಇವನ್ನು ಕ್ರಮವಾಗಿ ದೈವಪಾಲನೆ ಮತ್ತು ನಂಬುಗೆ ಎಂದು ಕರೆಯಬಹುದು.

ಈ ತತ್ತ್ವದ ಚರ್ಚೆ ಸಾಮಾನ್ಯವಾಗಿ ಸ್ಪೇನ್, ಈಜಿಪ್ಟ್, ಪೋಲೆಂಡ್ ಮೊದಲಾದ ದೇಶಗಳ ಗ್ರಂಥಗಳನ್ನು ಆಧರಿಸಿ ನಡೆಯುತ್ತದೆ. ಆದರೆ ಇದರ ಚರಿತ್ರೆಯ ಒಂದು ಮುಖ್ಯ ಭಾಗ ನಮ್ಮ ಪಶ್ಚಿಮ ಕರಾವಳಿಯಲ್ಲಿದೆ. ಮಂಗಳೂರಿನಿಂದ ಕೊಲ್ಲದವರೆಗಿನ ಬಂದರುಗಳಲ್ಲಿ, ವಿಶೇಷವಾಗಿ ಕೊಚ್ಚಿಯಲ್ಲಿ, ಯೆಹೂದ್ಯರು ಶತಮಾನಗಳ ಕಾಲ ಬಾಳಿದರು. ಅವರ ಪತ್ರಗಳು, ಅವರಿಗೆ ದೊರೆತ ಶಾಸನಗಳು, ಅವರ ಹೆಂಗಸರ ಹಾಡುಗಳು ಮತ್ತು ಇಪ್ಪತ್ತನೆಯ ಶತಮಾನದಲ್ಲಿ ಅವರ ಪ್ರಾರ್ಥನಾಮಂದಿರದೊಳಗೇ ನಡೆದ ಒಂದು ಸತ್ಯಾಗ್ರಹ, ಇವನ್ನು ಒಟ್ಟಿಗೆ ಇರಿಸಿ ನೋಡಿದರೆ ನಂಬುಗೆಯು ಶಾಸ್ತ್ರದ ಹಾಳೆಯಿಂದ ಬದುಕಿಗೆ ಇಳಿದಾಗ ಏನಾಗುತ್ತದೆಂಬುದು ತಿಳಿಯುತ್ತದೆ. ದೈವಪಾಲನೆಯ ತತ್ತ್ವಕ್ಕೆ ನಿಜವಾದ ಪರೀಕ್ಷೆ ಒದಗಿದ್ದು ಸಮುದ್ರದಲ್ಲಿ ಅಲ್ಲ, ದೇಗುಲದ ಬಾಗಿಲಿನಲ್ಲಿ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಶಾಸ್ತ್ರವನ್ನು ಗಮನಿಸೋಣ. ಹನ್ನೊಂದನೆಯ ಶತಮಾನದ ಸ್ಪೇನಿನಲ್ಲಿದ್ದ ಬಹ್ಯಾ ಇಬ್ನ್ ಪಾಕೂದಾ ಎಂಬ ವಿದ್ವಾಂಸನು ‘ಹೃದಯದ ಕರ್ತವ್ಯಗಳು’ ಎಂಬ ಅರ್ಥದ ಹೆಸರುಳ್ಳ ಗ್ರಂಥವನ್ನು ಯೆಹೂದಿ-ಅರಬ್ಬಿಯಲ್ಲಿ ರಚಿಸಿದನು. ಅದರ ನಾಲ್ಕನೆಯ ‘ದ್ವಾರ’ವು ಸಂಪೂರ್ಣವಾಗಿ ನಂಬುಗೆಗೆ ಮೀಸಲಾದುದು. ಯಾರನ್ನಾದರೂ ಪೂರ್ಣವಾಗಿ ನಂಬಬೇಕಾದರೆ ಅವನಲ್ಲಿ ಏಳು ಗುಣಗಳಿರಬೇಕೆಂದು ಹೇಳುವ ಬಹ್ಯಾ, ಆ ಏಳೂ ಒಟ್ಟಿಗೆ ಇರುವುದು ದೇವರಲ್ಲಿ ಮಾತ್ರವೆಂದು ಸಾಧಿಸುತ್ತಾನೆ. ಆದರೆ ಕೈಕಟ್ಟಿ ಕುಳಿತಿರಬೇಕೆಂದು ಅವನು ಬೋಧಿಸುವುದಿಲ್ಲ. ದುಡಿಮೆ ಮನುಷ್ಯನಿಗೆ ವಿಧಿಸಿದ ಕರ್ತವ್ಯ. ಆ ದುಡಿಮೆಯೇ ಅನ್ನ ಕೊಡುತ್ತದೆಂದು ಭ್ರಮಿಸಬಾರದು ಎಂಬುದಷ್ಟೇ ಅವನ ಎಚ್ಚರಿಕೆ.

ಹನ್ನೆರಡನೆಯ ಶತಮಾನದಲ್ಲಿ ಈ ವಿಚಾರಕ್ಕೆ ತಾತ್ತ್ವಿಕ ಖಚಿತತೆಯನ್ನು ತಂದವನು ಮೋಶೆ ಬೆನ್ ಮೈಮೋನ್, ಅಂದರೆ ಮೈಮೊನಿಡೀಸ್. ಅವನ ಬದುಕಿಗೂ ನಮ್ಮ ಕಡಲಿಗೂ ಒಂದು ದಾರುಣ ಸಂಬಂಧವಿದೆ. ಅವನ ತಮ್ಮ ದಾವೀದ್ ರತ್ನವ್ಯಾಪಾರಿ. ಸುಮಾರು 1170ರಲ್ಲಿ ದಾವೀದನು ಕೆಂಪು ಸಮುದ್ರದ ತೀರದ ಐಧಾಬ್ ಬಂದರಿನಿಂದ ಅಣ್ಣನಿಗೆ ಬರೆದ ಪತ್ರ ಕೈರೋದ ಗೆನಿಝಾ ಭಂಡಾರದಲ್ಲಿ ಉಳಿದುಬಂದಿದೆ. ಮರುಭೂಮಿಯಲ್ಲಿ ಸಾರ್ಥದಿಂದ ಬೇರ್ಪಟ್ಟು, ಜೀವ ಉಳಿಸಿಕೊಂಡು ಬಂದರು ಸೇರಿದ ಅವನಿಗೆ ಅಲ್ಲಿ ಕೊಳ್ಳಲು ನೀಲಿಯನ್ನು ಬಿಟ್ಟರೆ ಬೇರೆ ಸರಕು ಸಿಗಲಿಲ್ಲ. ಆದುದರಿಂದ ಹಿಂದೂದೇಶಕ್ಕೆ ಹಡಗು ಹತ್ತಲು ನಿಶ್ಚಯಿಸುತ್ತಾನೆ. ಮರಳುಗಾಡಿನಲ್ಲಿ ಕಾಪಾಡಿದವನು ಕಡಲಿನಲ್ಲಿಯೂ ಕಾಪಾಡುವನು, ಚಿಂತಿಸಬೇಡ ಎಂದು ಅಣ್ಣನಿಗೆ ಧೈರ್ಯ ಹೇಳುತ್ತಾನೆ. ಬಿತ್ತಾಹೋನ್ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು. ಆ ದಾವೀದನು ಹಿಂದೂ ಮಹಾಸಾಗರದಲ್ಲಿ ಮುಳುಗಿ ತೀರಿಕೊಂಡನು. ಹೆಂಡತಿಯೂ ಪುಟ್ಟ ಮಗಳೂ ಅಣ್ಣನ ಪಾಲಿಗೆ ಉಳಿದರು. ಮೈಮೊನಿಡೀಸ್ ಸುಮಾರು ಒಂದು ವರ್ಷ ಹಾಸಿಗೆ ಹಿಡಿದನು. ಎಂಟು ವರ್ಷಗಳ ಮೇಲೆ ಬರೆದ ಪತ್ರದಲ್ಲಿಯೂ ಆ ದುಃಖ ಆರಿರಲಿಲ್ಲ.

ಅನಂತರ, ಸುಮಾರು 1190ರ ವೇಳೆಗೆ ಮುಗಿದ ‘ದಿಗ್ಭ್ರಾಂತರ ಮಾರ್ಗದರ್ಶಿ’ಯ ಮೂರನೆಯ ಭಾಗದಲ್ಲಿ ಮೈಮೊನಿಡೀಸ್ ದೈವಪಾಲನೆಯನ್ನು ಕುರಿತ ಐದು ಮತಗಳನ್ನು ವಿವೇಚಿಸುತ್ತಾನೆ. ಅವನ ಪ್ರಕಾರ ವ್ಯಕ್ತಿಗತವಾದ ದೈವಪಾಲನೆ ಇರುವುದು ಭೂಮಿಯ ಮೇಲೆ ಮನುಷ್ಯನಿಗೆ ಮಾತ್ರ. ಅದೂ ಅವನ ಬುದ್ಧಿಯು ದೇವರನ್ನು ಅರಿತಿರುವ ಪ್ರಮಾಣಕ್ಕೆ ತಕ್ಕಂತೆ. ಉದುರುವ ಎಲೆಗಾಗಲಿ, ಜೇಡಕ್ಕೆ ಸಿಕ್ಕ ನೊಣಕ್ಕಾಗಲಿ ಪ್ರತ್ಯೇಕ ದೈವಸಂಕಲ್ಪವಿಲ್ಲ. ಹಡಗು ಮುಳುಗುವುದು ಆಕಸ್ಮಿಕವಾಗಿರಬಹುದು, ಆದರೆ ಜನರು ಆ ಹಡಗನ್ನು ಏರಿದ್ದು ಆಕಸ್ಮಿಕವಲ್ಲ ಎಂದೂ ಅಲ್ಲಿಯೇ ಹೇಳುತ್ತಾನೆ. ಈ ಉದಾಹರಣೆಯನ್ನು ಓದುವಾಗ ತಮ್ಮನ ಹಡಗು ನೆನಪಾಗದೆ ಇರದು. ತರ್ಕದ ನೆಲೆಯಲ್ಲಿ ನಿಂತ ಆ ವಾಕ್ಯದ ಹಿಂದೆ ಬಲು ದುಬಾರಿಯಾದ ಅನುಭವವಿದೆ.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಒಂದು ಹೋಲಿಕೆ ತಾನಾಗಿ ಒದಗುತ್ತದೆ. ಬೆಟ್ಟದ ತುದಿಯ ಮರಕ್ಕೆ ನೀರೆರೆದವನಾರು, ಕಲ್ಲಿನೊಳಗಿನ ಕಪ್ಪೆಗೆ ಆಹಾರವಿತ್ತವನಾರು ಎಂಬ ಭಾವವುಳ್ಳ ಕನಕದಾಸರ ಕೀರ್ತನೆ ಸುಪ್ರಸಿದ್ಧವಾದುದು. ಮೈಮೊನಿಡೀಸನು ಎಲೆಯನ್ನೂ ನೊಣವನ್ನೂ ದೈವಪಾಲನೆಯ ಹೊರಗಿಟ್ಟರೆ ಕನಕದಾಸರು ಕಪ್ಪೆಯನ್ನೇ ಅದರ ಸಾಕ್ಷಿಯನ್ನಾಗಿ ನಿಲ್ಲಿಸುತ್ತಾರೆ. ಶ್ರೀವೈಷ್ಣವರಲ್ಲಿಯೂ ಪ್ರಪತ್ತಿಯನ್ನು ಕುರಿತು ಇಂಥದೇ ಚರ್ಚೆಯುಂಟು. ಕೋತಿಯ ಮರಿಯಂತೆ ತಾನೂ ತಾಯಿಯನ್ನು ಹಿಡಿದಿರಬೇಕೆ, ಬೆಕ್ಕಿನ ಮರಿಯಂತೆ ತಾಯಿಯೇ ಕಚ್ಚಿ ಒಯ್ಯುವಳೆಂದು ನೆಚ್ಚಿರಬೇಕೆ ಎಂಬುದು ಅದರ ತಿರುಳು. ಯೆಹೂದ್ಯರಲ್ಲಿಯೂ ಹದಿನೆಂಟನೆಯ ಶತಮಾನದ ಪೂರ್ವ ಯೂರೋಪಿನ ಹಸೀದ್ ಪಂಥವು ಉದುರುವ ಎಲೆಯವರೆಗೂ ದೈವಪಾಲನೆಯನ್ನು ವಿಸ್ತರಿಸಿತು. ದೇವರ ಪಾಲನೆ ಯಾರವರೆಗೆ ತಲುಪುತ್ತದೆ ಎಂಬ ಪ್ರಶ್ನೆ ಮಾತ್ರ ಎಲ್ಲೆಡೆಯೂ ಒಂದೇ. ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಕರಾವಳಿಗೆ ಬರೋಣ.

3

ದಾವೀದನಿಗಿಂತ ಸುಮಾರು ನಾಲ್ಕು ದಶಕಗಳ ಹಿಂದೆ ಅದೇ ಕಡಲನ್ನು ಕ್ಷೇಮವಾಗಿ ದಾಟಿಬಂದವನು ಅಬ್ರಹಾಂ ಬೆನ್ ಯಿಜು. ಉತ್ತರ ಆಫ್ರಿಕದ ಈ ವರ್ತಕನು 1132ರಿಂದ 1149ರವರೆಗಿನ ಅವಧಿಯ ಬಹುಭಾಗವನ್ನು ಆಳುಪರ ಆಳ್ವಿಕೆಯ ಮಂಗಳೂರಿನಲ್ಲಿ ಕಳೆದನು. ಅಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿದನು. ಅವನ ಪತ್ರವ್ಯವಹಾರವನ್ನು ಬೆಳಕಿಗೆ ತಂದ ಕೀರ್ತಿ ಎಸ್. ಡಿ. ಗಾಯ್‌ಟೈನ್ ಅವರಿಗೆ ಸಲ್ಲುತ್ತದೆ. ಅಮಿತಾವ್ ಘೋಷ್ ಅವರ 1992ರ ಕೃತಿಯಿಂದ ಬೆನ್ ಯಿಜುವಿನ ಸೇವಕ ಬೊಮ್ಮನ ಹೆಸರು ನಮ್ಮಲ್ಲಿ ಪರಿಚಿತವಾಯಿತು.

ಒಮ್ಮೆ ಬೆನ್ ಯಿಜುವಿನ ಸರಕು ಹೊತ್ತಿದ್ದ, ಕೊಲ್ಲದ ಹೆಸರಿನ ಹಡಗೊಂದು ಏಡನ್ನಿನ ಕಡೆಯ ಸಮುದ್ರದಲ್ಲಿ ಮುಳುಗಿತು. ಅಲ್ಲಿದ್ದ ಅವನ ಪಾಲುದಾರರು ಮುಳುಗುಗಾರರನ್ನು ಕಳುಹಿಸಿ ಕಬ್ಬಿಣದ ಒಂದಂಶವನ್ನು ಮೇಲೆತ್ತಿಸಿದರು. ಮೆಣಸು ಪೂರ್ತಿಯಾಗಿ ಹೋಯಿತು. ಈ ಸುದ್ದಿಯನ್ನು ತಿಳಿಸುವಾಗ, ಹೋದುದನ್ನು ದೇವರು ತುಂಬಿಕೊಡಲಿ ಎಂಬ ಹಾರೈಕೆಯೂ ಲೆಕ್ಕಾಚಾರವೂ ಒಂದೇ ಹಾಳೆಯಲ್ಲಿ ಬರುತ್ತವೆ. ದೇವರನ್ನು ನೆಚ್ಚಿದವರು ಮುಳುಗುಗಾರರಿಗೆ ಕೂಲಿ ಕೊಡುವುದನ್ನು ಮರೆಯಲಿಲ್ಲ. ಬಹ್ಯಾ ಸೂತ್ರರೂಪವಾಗಿ ಹೇಳಿದುದನ್ನು ವರ್ತಕರು ಹೀಗೆ ಆಚರಣೆಯಲ್ಲಿ ಇರಿಸಿಕೊಂಡಿದ್ದರು.

ಬೆನ್ ಯಿಜುವಿನ ಇನ್ನೊಂದು ದಾಖಲೆ ನಮ್ಮ ಪ್ರಸ್ತುತ ವಿಷಯಕ್ಕೆ ಹೆಚ್ಚು ಮಹತ್ತ್ವದ್ದು. 1132ರ ಅಕ್ಟೋಬರ್ 17ರಂದು ಅವನು ಮಂಗಳೂರಿನಲ್ಲಿ ಅಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಆಕೆಗೆ ಬೆರಾಖಾ, ಎಂದರೆ ‘ಆಶೀರ್ವಾದ’, ಎಂಬ ಹೊಸ ಹೆಸರು ದೊರೆಯಿತು. ಆಕೆಯೇ ಅವನ ಮಕ್ಕಳ ತಾಯಿಯಾದಳೆಂಬುದು ವಿದ್ವಾಂಸರ ಅಭಿಪ್ರಾಯ. ಧರ್ಮಶಾಸ್ತ್ರದ ಪ್ರಕಾರ ಬಿಡುಗಡೆ ಪಡೆದು ಸ್ನಾನವಿಧಿ ಮುಗಿಸಿದ ವ್ಯಕ್ತಿ ಪೂರ್ಣ ಯೆಹೂದ್ಯ. ಈ ಅಂಶ ಮುಂದೆ ಕೊಚ್ಚಿಯಲ್ಲಿ ಮತ್ತೆ ಎದುರಾಗುತ್ತದೆ.

4

ಪರದೇಶಿಗೆ ದೇವರ ಪಾಲನೆ ಬಹುಮಟ್ಟಿಗೆ ಅರಸನ ಆಶ್ರಯದ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಸಾ.ಶ. 849ರ ಕೊಲ್ಲದ ತರಿಸಾಪ್ಪಳ್ಳಿ ತಾಮ್ರಪಟಗಳು ಕ್ರೈಸ್ತ ದೇವಾಲಯಕ್ಕೆ ಸಂಬಂಧಿಸಿದವು. ಅವುಗಳ ಸಾಕ್ಷಿಗಳಲ್ಲಿ ಹೀಬ್ರೂ ಲಿಪಿಯಲ್ಲಿ ಸಹಿ ಮಾಡಿದವರೂ ಇದ್ದಾರೆ. ಸುಮಾರು ಸಾ.ಶ. 1000ದಲ್ಲಿ ಚೇರ ಅರಸ ಭಾಸ್ಕರ ರವಿವರ್ಮನು ಮುಯಿರಿಕ್ಕೋಡಿನಲ್ಲಿದ್ದು ಜೋಸೆಫ್ ರಬ್ಬಾನನಿಗೆ ಅಂಜುವಣ್ಣದ ಹಕ್ಕನ್ನೂ ಎಪ್ಪತ್ತೆರಡು ಬಿರುದುಬಾವಲಿಗಳನ್ನೂ ಕೊಟ್ಟನು. ಹಗಲು ದೀಪ, ಪಲ್ಲಕ್ಕಿ, ಕೊಡೆ, ವಾದ್ಯ, ತೋರಣ, ಸುಂಕದ ವಿನಾಯಿತಿ ಇವೆಲ್ಲ ಅದರಲ್ಲಿವೆ. ಭೂಮಿಯೂ ಚಂದ್ರನೂ ಇರುವವರೆಗೆ ಎಂಬ ಅವಧಿಯನ್ನು ಅದು ನಿಗದಿಪಡಿಸುತ್ತದೆ. ನಮ್ಮ ಶಾಸನಗಳ ‘ಆಚಂದ್ರಾರ್ಕ’ವೇ ಇದು. ಸಾಕ್ಷಿ ಹಾಕಿದ ಸಾಮಂತರಲ್ಲಿ ವೇಣಾಡಿನ ಅರಸನೂ ಒಬ್ಬನು. ಆ ವೇಣಾಡೇ ಮುಂದೆ ಬೆಳೆದು, ತಿರುವನಂತಪುರದ ಪದ್ಮನಾಭಸ್ವಾಮಿಯನ್ನು ಕುಲದೈವವಾಗಿ ಪಡೆದ ತಿರುವಾಂಕೂರು ಸಂಸ್ಥಾನವಾಯಿತು.

ಆಚಂದ್ರಾರ್ಕವೆಂಬ ಮಾತು ಬಂದರಿನ ಅದೃಷ್ಟವನ್ನು ಕಟ್ಟಿಹಾಕಲಾರದು. ಹದಿನಾರನೆಯ ಶತಮಾನದಲ್ಲಿ ಕೊಡುಂಗಲ್ಲೂರಿನ ಯೆಹೂದ್ಯರು ನೆಲೆ ಕಳೆದುಕೊಂಡು ಕೊಚ್ಚಿಯ ಅರಸನ ಆಶ್ರಯಕ್ಕೆ ಬಂದರು. ಮಟ್ಟಾಂಚೇರಿಯ ಅರಮನೆಗೂ ಅದರ ದೇವಾಲಯಕ್ಕೂ ತಾಗಿದಂತೆ 1568ರಲ್ಲಿ ಪರದೇಶಿ ಯೆಹೂದ್ಯರ ಪ್ರಾರ್ಥನಾಮಂದಿರ ಎದ್ದಿತು. 1662ರಲ್ಲಿ ಡಚ್ಚರ ಮೊದಲ ಮುತ್ತಿಗೆ ವಿಫಲವಾದಾಗ, ಅವರಿಗೆ ನೆರವಾದರೆಂಬ ಕಾರಣಕ್ಕೆ ಪೋರ್ಚುಗೀಸರು ಯೆಹೂದ್ಯರ ಮೇಲೆ ಸೇಡು ತೀರಿಸಿಕೊಂಡು ಮಂದಿರವನ್ನು ಸುಟ್ಟರು. 1663ರಲ್ಲಿ ಕೊಚ್ಚಿ ಡಚ್ಚರ ವಶವಾಯಿತು; ಮರುವರ್ಷ ಮಂದಿರ ಮತ್ತೆ ಎದ್ದಿತು. ಡಚ್ ಕಂಪನಿಯ ಪ್ರಧಾನ ವರ್ತಕನಾಗಿದ್ದ ಎಝೆಕಿಯೇಲ್ ರಾಹಬಿ 1760ರಲ್ಲಿ ಅದಕ್ಕೆ ಗಡಿಯಾರ ಗೋಪುರವನ್ನು ಕಟ್ಟಿಸಿದನು, ನೆಲಕ್ಕೆ ಚೀನಾದ ಹೆಂಚುಗಳನ್ನು ತರಿಸಿದನು.

ಇದೇ ಕಾಲದಲ್ಲಿ ತಿರುವನಂತಪುರದಲ್ಲಿ ನಂಬುಗೆಯ ಇನ್ನೊಂದು ಮಾದರಿ ರೂಪುಗೊಂಡಿತು. 1750ರ ಜನವರಿಯಲ್ಲಿ ಮಾರ್ತಾಂಡವರ್ಮನು ‘ತೃಪ್ಪಡಿದಾನ’ದ ಮೂಲಕ ಇಡೀ ರಾಜ್ಯವನ್ನು ಪದ್ಮನಾಭಸ್ವಾಮಿಗೆ ಅರ್ಪಿಸಿ, ತನ್ನ ಖಡ್ಗವನ್ನು ದೇವರ ಮುಂದಿಟ್ಟು ಹಿಂದಕ್ಕೆ ಪಡೆದು, ‘ಪದ್ಮನಾಭದಾಸ’ನಾಗಿ ಆಳತೊಡಗಿದನು. ವಿಜಯನಗರದ ಅರಸರು ಶಾಸನಗಳಿಗೆ ವಿರೂಪಾಕ್ಷನ ಅಂಕಿತ ಹಾಕುತ್ತಿದ್ದುದನ್ನು ಬಲ್ಲ ನಮಗೆ ಇದು ತೀರ ಹೊಸದಲ್ಲ. ರಾಜನೀತಿಯ ಲೆಕ್ಕಾಚಾರ ಅದರಲ್ಲಿ ಇದ್ದೇ ಇತ್ತು. ಆದರೆ ಅದು ಒಂದು ಹೊಣೆಯನ್ನೂ ಹೊರಿಸುತ್ತದೆ: ಒಡೆಯನು ದೇವರಾದರೆ ಪ್ರಜೆಗಳೆಲ್ಲರೂ ಅವನ ಪಾಲಿನವರು. ಹಾಗಿದ್ದ ಮೇಲೆ ಅವನ ಗುಡಿಯ ಬಾಗಿಲಲ್ಲಿ ಯಾರನ್ನು ತಡೆಯಲಾದೀತು? ಈ ಪ್ರಶ್ನೆ ಗಟ್ಟಿಯಾಗಿ ಕೇಳಿಬರಲು ಇನ್ನೂ ಒಂದೂಮುಕ್ಕಾಲು ಶತಮಾನ ಬೇಕಾಯಿತು.

5

ಶಾಸ್ತ್ರಕ್ಕೂ ಶಾಸನಕ್ಕೂ ನಿಲುಕದ ನಂಬುಗೆಯೊಂದು ಕೊಚ್ಚಿಯ ಮನೆಗಳಲ್ಲಿತ್ತು. ಯೆಹೂದ್ಯ ಹೆಂಗಸರು ಮದುವೆ ಮತ್ತು ಹಬ್ಬಗಳಲ್ಲಿ ಮಲಯಾಳದ ಹಾಡುಗಳನ್ನು ಹಾಡುತ್ತಿದ್ದರು; ಅವನ್ನು ಕೈಬರಹದ ಪುಸ್ತಕಗಳಲ್ಲಿ ಬರೆದು ತಾಯಿಯಿಂದ ಮಗಳಿಗೆ ದಾಟಿಸುತ್ತಿದ್ದರು. ಪಿ. ಎಂ. ಜುಸ್ಸೆ, ಸ್ಕರಿಯಾ ಸಕರಿಯಾ, ಬಾರ್ಬರಾ ಜಾನ್ಸನ್, ಒಫಿರಾ ಗಾಮ್ಲಿಯೇಲ್ ಮೊದಲಾದವರ ಪರಿಶ್ರಮದಿಂದ ಇವು ಇಂದು ಅಧ್ಯಯನಕ್ಕೆ ಲಭ್ಯವಾಗಿವೆ. ಅಬ್ರಹಾಂ, ಯೋಸೇಫ, ಮೋಶೆಯರ ಕಥೆಗಳು ಅವುಗಳಲ್ಲಿ ಮಲಯಾಳದ ಲಯ ಪಡೆದಿವೆ. ದೇವರನ್ನು ಕರೆಯಲು ಬಳಕೆಯಾಗುವ ‘ತಂಬುರಾನ್’ ಎಂಬ ಪದ ಗಮನಾರ್ಹವಾದುದು. ಅದು ಅರಸನಿಗೂ ಒಡೆಯನಿಗೂ ಸಲ್ಲುವ ಪದ. ನಮ್ಮ ಶರಣರೂ ದಾಸರೂ ‘ಒಡೆಯ’ ಎಂದಂತೆ. ಅರಸನ ಆಶ್ರಯದಲ್ಲಿ ಬದುಕಿದ ಜನ ದೇವರ ಆಶ್ರಯವನ್ನು ಅದೇ ಮಾತಿನಲ್ಲಿ ಅರ್ಥ ಮಾಡಿಕೊಂಡರು.

ನೆಹೆಮಿಯಾ ಮೋತನ ಸಮಾಧಿಯೂ ಇಲ್ಲಿ ಉಲ್ಲೇಖಾರ್ಹ. ಯೆಹೂದ್ಯ ಅನುಭಾವ ಪಂಥವಾದ ಕಬ್ಬಾಲಾದಲ್ಲಿ ಪ್ರವೀಣನೆಂದು ಹೆಸರಾದ ಈ ಕವಿ 1615ರಲ್ಲಿ ತೀರಿಕೊಂಡನೆಂದು ಸಮಾಧಿಯ ಹೀಬ್ರೂ ಬರಹ ತಿಳಿಸುತ್ತದೆ. ಮಟ್ಟಾಂಚೇರಿಯ ಆ ಸಮಾಧಿಯ ಬಳಿ ಯೆಹೂದ್ಯರಂತೆ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಮೇಣದ ಬತ್ತಿ ಹಚ್ಚಿ ಹರಕೆ ಹೊರುತ್ತ ಬಂದಿದ್ದಾರೆ. ಬುದ್ಧಿಯ ಪ್ರಮಾಣಕ್ಕೆ ತಕ್ಕ ದೈವಪಾಲನೆ ಎಂಬ ಮೈಮೊನಿಡೀಸನ ಅಳತೆಗೋಲು ಇಲ್ಲಿ ನಡೆಯುವುದಿಲ್ಲ. ರೋಗದ ಮಗುವನ್ನು ಎತ್ತಿಕೊಂಡು ಬಂದ ತಾಯಿಯ ಮತವನ್ನು ಆ ಸಮಾಧಿ ಕೇಳಲಿಲ್ಲ.

6

ಇನ್ನು ಬಾಗಿಲಿನ ಪ್ರಶ್ನೆ. ಸಮಾಧಿ ಕೇಳದ ಪ್ರಶ್ನೆಯನ್ನು ಪ್ರಾರ್ಥನಾಮಂದಿರ ಕೇಳುತ್ತಿತ್ತು. ಪರದೇಶಿ ಸಮುದಾಯದಲ್ಲಿ ‘ಮೆಶುಖ್ರಾರಿಂ’, ಅಂದರೆ ದಾಸ್ಯದಿಂದ ಬಿಡುಗಡೆ ಪಡೆದವರು ಮತ್ತು ಅವರ ಸಂತತಿಯವರು, ಎಂಬ ವರ್ಗವಿತ್ತು. ಅವರು ಮಂದಿರದ ಒಳಗಿನ ಪೀಠಗಳಲ್ಲಿ ಕೂಡುವಂತಿರಲಿಲ್ಲ, ಹೊರಕೋಣೆಯಲ್ಲಿ ಕೂಡಬೇಕಿತ್ತು. ತೋರಾ ಪಠನಕ್ಕೆ ಅವರನ್ನು ಕರೆಯುತ್ತಿರಲಿಲ್ಲ. ಹೆಣ್ಣು ಕೊಟ್ಟು ತರುವ ಸಂಬಂಧವೂ ಇರಲಿಲ್ಲ. ಇಂಥ ಭೇದದ ಬಗೆಗೆ ಹದಿನಾರನೆಯ ಶತಮಾನದಲ್ಲಿಯೇ ಕೊಚ್ಚಿಯಿಂದ ಕೈರೋದ ಧರ್ಮಶಾಸ್ತ್ರಜ್ಞ ದಾವೀದ್ ಇಬ್ನ್ ಝಿಮ್ರಾನಿಗೆ ಪ್ರಶ್ನೆ ಹೋಗಿತ್ತು. ವಿಧಿಯುಕ್ತ ಸ್ನಾನ ನಡೆದ ಮೇಲೆ ಅಂಥವರು ಯೆಹೂದ್ಯರೇ, ಅವರೊಡನೆ ವಿವಾಹಕ್ಕೆ ಅಡ್ಡಿಯಿಲ್ಲ ಎಂದು ಆತನ ತೀರ್ಪು ಬಂದಿತು. ಮಂಗಳೂರಿನ ಬೆನ್ ಯಿಜು ಆಚರಿಸಿದ ಧರ್ಮವೂ ಇದೇ. ತೀರ್ಪು ಬಂದರೂ ಕೊಚ್ಚಿಯ ರೂಢಿ ಬದಲಾಗಲಿಲ್ಲ. ಜಾತಿಯ ನಾಡಿನಲ್ಲಿ ಆಶ್ರಯ ಪಡೆದವರು ಆ ನಾಡಿನ ಕಟ್ಟಳೆಯನ್ನೂ ಪಡೆದಿದ್ದರು.

ಈ ರೂಢಿಯನ್ನು ಎದುರಿಸಿದವರು ಅಬ್ರಹಾಂ ಬರಾಕ್ ಸಲೇಂ (1882–1967). ಮೆಶುಖ್ರಾರಿಂ ಮನೆತನದಲ್ಲಿ ಹುಟ್ಟಿ, ಮದರಾಸಿನಲ್ಲಿ ಕಾನೂನು ಓದಿ, ಕೊಚ್ಚಿಯ ಶಾಸನಸಭೆಯ ಸದಸ್ಯರಾಗಿ, ಕಾರ್ಮಿಕರ ಹಕ್ಕುಗಳಿಗಾಗಿ ಹೋರಾಡಿದವರು ಅವರು. 1929ರ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೂ ಹೋಗಿದ್ದರು. ತಮ್ಮ ಮಂದಿರದೊಳಗಿನ ಭೇದದ ವಿರುದ್ಧ ಅವರು ಹಿಡಿದುದು ಸತ್ಯಾಗ್ರಹದ ಮಾರ್ಗ. ಅವರು ಮಂದಿರವನ್ನು ತೊರೆಯಲಿಲ್ಲ. ಪ್ರಾರ್ಥನೆಗೆ ಬಂದು, ತಮಗೆ ನಿಷಿದ್ಧವಾದ ಎಡೆಯ ಅಂಚಿನಲ್ಲಿ ಕುಳಿತು, ಆ ನಿಷೇಧವನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಮಾಡಿದರು. ಭೇದಗಳು ಹಂತಹಂತವಾಗಿ, ವರ್ಷಗಳ ಅಂತರದಲ್ಲಿ, ಸಡಿಲಗೊಂಡವು. ವಿವಾಹದ ಕಟ್ಟಳೆ ಕೊನೆಯವರೆಗೂ ಉಳಿಯಿತು. 1950ರಲ್ಲಿ ಅವರ ಮಗನು ಪರದೇಶಿ ಮನೆತನದ ಕನ್ಯೆಯನ್ನು ವರಿಸಿದಾಗ ಮದುವೆ ಮುಂಬಯಿಯಲ್ಲಿ ನಡೆಯಬೇಕಾಯಿತು.

ಇದೇ ಅವಧಿಯಲ್ಲಿ ತಿರುವಾಂಕೂರಿನಲ್ಲಿ ನಡೆದುದನ್ನು ಜೊತೆಗಿರಿಸಿ ನೋಡಬೇಕು. 1924–25ರ ವೈಕ್ಕಂ ಸತ್ಯಾಗ್ರಹವು ದೇವಾಲಯದ ಸುತ್ತಣ ಬೀದಿಗಳಲ್ಲಿ ನಡೆಯುವ ಹಕ್ಕಿಗಾಗಿ ಹೂಡಿದುದು. 1936ರ ನವೆಂಬರ್ 12ರಂದು ಚಿತ್ತಿರ ತಿರುನಾಳ್ ಬಲರಾಮವರ್ಮ ಮಹಾರಾಜರು ತಿರುವನಂತಪುರದಲ್ಲಿ ದೇವಾಲಯ ಪ್ರವೇಶದ ಘೋಷಣೆಯನ್ನು ಹೊರಡಿಸಿದರು. ಪದ್ಮನಾಭದಾಸನ ರಾಜ್ಯದಲ್ಲಿ ಪದ್ಮನಾಭನ ಬಾಗಿಲು ಕೊನೆಗೂ ಎಲ್ಲ ಹಿಂದೂಗಳಿಗೆ ತೆರೆಯಿತು. ಕೊಚ್ಚಿ ಸಂಸ್ಥಾನದ ದೇವಾಲಯಗಳು ಇದಕ್ಕಾಗಿ ಮತ್ತೆ ಒಂದು ದಶಕಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಈ ಎರಡು ಘಟನೆಗಳು ಒಂದೇ ಕಾಲದವು ಎಂಬುದಷ್ಟೇ ಇಲ್ಲಿ ಮುಖ್ಯವಲ್ಲ. ಅವುಗಳ ಒಳತರ್ಕವೂ ಒಂದೇ. ದೇವರು ಒಬ್ಬೊಬ್ಬನನ್ನೂ ಹೆಸರಿಟ್ಟು ಬಲ್ಲನೆಂದು ಸಾರುವ ಧರ್ಮ, ಆ ಒಬ್ಬೊಬ್ಬನಲ್ಲಿ ಯಾವನೋ ಒಬ್ಬನನ್ನು ಹೊರಕೋಣೆಯಲ್ಲಿ ಕೂರಿಸಿದರೆ ತನ್ನ ಮಾತನ್ನು ತಾನೇ ಅಲ್ಲಗಳೆದಂತಾಗುತ್ತದೆ. ಉಡುಪಿಯ ಐತಿಹ್ಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬಹುದು. ಕಲ್ಲಿನೊಳಗಿನ ಕಪ್ಪೆಯನ್ನೂ ಪಾಲನೆಯ ಒಳಗೆ ತಂದ ಕನಕದಾಸರೇ ಗುಡಿಯ ಹೊರಗೆ ನಿಂತರೆಂದೂ, ದೇವರು ಅವರ ಕಡೆಗೆ ತಿರುಗಿದನೆಂದೂ ಜನಮನ ನೆನಪಿಟ್ಟಿರುವುದು ಆಕಸ್ಮಿಕವಾಗಿರಲಾರದು. ಪಾಲನೆಯ ವ್ಯಾಪ್ತಿಯನ್ನು ಹಿಗ್ಗಿಸಿ ನೋಡುವ ಅಗತ್ಯ ಹೊರಗೆ ನಿಂತವನಿಗೇ ಹೆಚ್ಚು.

7

1940ರ ದಶಕದ ಕೊನೆಯಲ್ಲಿ ಕೇರಳದಲ್ಲಿ ಸುಮಾರು 2,400 ಯೆಹೂದ್ಯರಿದ್ದರು; ಮಟ್ಟಾಂಚೇರಿ, ಎರ್ನಾಕುಲಂ, ಪರವೂರು, ಚೇಂದಮಂಗಲಂ, ಮಾಳಗಳಲ್ಲಿ ಒಟ್ಟು ಎಂಟು ಪ್ರಾರ್ಥನಾಮಂದಿರಗಳಿದ್ದವು. 1950ರ ದಶಕದಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೊರಟರು. ಆ ವಲಸೆಗೆ ದಾರಿ ಮಾಡಿಕೊಟ್ಟವರಲ್ಲಿ ಸಲೇಂ ಪ್ರಮುಖರು. ಅವರು ಮಾತ್ರ ಕೊಚ್ಚಿಯಲ್ಲಿಯೇ ಉಳಿದು ಅಲ್ಲಿಯೇ ತೀರಿಕೊಂಡರು. ಹೊರಟವರನ್ನು ಇಲ್ಲಿ ಯಾರೂ ಅಟ್ಟಿರಲಿಲ್ಲ. ತಲೆಮಾರುಗಳಿಂದ ಪ್ರಾರ್ಥನೆಯಲ್ಲಿ ಕೇಳಿದ ವಾಗ್ದಾನ ತಮ್ಮ ಕಾಲದಲ್ಲಿ ಈಡೇರಿತೆಂದು ಬಗೆದವರು ಅವರು. ಬಾಣಂತನ, ಸಾವು, ಹಬ್ಬಗಳನ್ನು ಹಂಚಿಕೊಂಡ ನೆರೆಯನ್ನು ಬಿಟ್ಟುಹೋಗುವ ನೋವೂ ಆ ನಂಬುಗೆಯ ಬೆಲೆಯಲ್ಲಿ ಸೇರಿತ್ತು.

1968ರಲ್ಲಿ ಪರದೇಶಿ ಮಂದಿರದ ನಾನೂರನೆಯ ವರ್ಷಾಚರಣೆ ಪ್ರಧಾನಿ ಇಂದಿರಾ ಗಾಂಧಿಯವರ ಸಮ್ಮುಖದಲ್ಲಿ ನಡೆಯಿತು. ಇಂದು ಅದು ಬಹುಮಟ್ಟಿಗೆ ಪ್ರವಾಸಿಗರ ತಾಣ. ಮಟ್ಟಾಂಚೇರಿಯ ಕಡವುಂಭಾಗಂ ಮಂದಿರದ ಒಳಾಂಗಣ ಜೆರೂಸಲೇಮಿನ ವಸ್ತುಸಂಗ್ರಹಾಲಯವನ್ನು ಸೇರಿದೆ. ಚೇಂದಮಂಗಲಂ ಮತ್ತು ಪರವೂರಿನ ಮಂದಿರಗಳು ಕೇರಳ ಸರ್ಕಾರದ ಪರಂಪರೆ ಯೋಜನೆಯಲ್ಲಿ ಸಂಗ್ರಹಾಲಯಗಳಾಗಿವೆ. ಯೆಹೂದ್ಯರ ಸಾರ್ವಜನಿಕ ಪ್ರಾರ್ಥನೆಗೆ ಸಂಪ್ರದಾಯದಂತೆ ಹತ್ತು ಮಂದಿ ವಯಸ್ಕ ಗಂಡಸರ ಕೂಟ ಬೇಕು. ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ಕಾಯುವ ದೇವರು ಹತ್ತು ಮಂದಿಯನ್ನು ಒಟ್ಟಿಗೆ ಬಯಸುತ್ತಾನೆ ಎಂಬುದು ಈ ವಿಧಿಯ ಭಾವವೆಂದು ತೋರುತ್ತದೆ. ಒಂದು ಕಾಲಕ್ಕೆ ತನ್ನವರನ್ನೇ ಹೊರಕೋಣೆಯಲ್ಲಿ ಕೂರಿಸಿದ ಮಂದಿರ ಈಗ ಹತ್ತು ಮಂದಿಯನ್ನು ಕೂಡಿಸಲು ಹೊರಗಿನಿಂದ ಬಂದ ಯೆಹೂದ್ಯ ಯಾತ್ರಿಕರನ್ನು ನೆಚ್ಚಬೇಕಾಗಿದೆ.

ಮಲಬಾರಿನ ಈ ಆಕರಗಳನ್ನು ಕನ್ನಡ ಮತ್ತು ತುಳು ಪ್ರದೇಶದ ಶಾಸನ, ಕೀರ್ತನೆ, ಐತಿಹ್ಯಗಳೊಡನೆ ಇರಿಸಿ ಅಧ್ಯಯನ ಮಾಡುವ ಕೆಲಸ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ. ಕೇರಳದ ಪತ್ರಾಗಾರಗಳಿಗೂ ಗೆನಿಝಾ ಸಂಗ್ರಹಗಳಿಗೂ ಸಮೀಪದಲ್ಲಿರುವ ಹೊರನಾಡಿನ ಸಂಶೋಧಕರಿಗೆ ಇದರಲ್ಲಿ ವಿಶೇಷ ಅವಕಾಶವಿದೆ. ಅಶುವಿನ ಬಿಡುಗಡೆಯ ಪತ್ರದಿಂದ ಸಲೇಂ ಅವರ ಸತ್ಯಾಗ್ರಹದವರೆಗಿನ ಎಂಟು ಶತಮಾನಗಳಲ್ಲಿ ಈ ಕರಾವಳಿ ದೈವಪಾಲನೆಯ ಬಗೆಗೆ ಒಂದು ಮಾತನ್ನು ಮತ್ತೆಮತ್ತೆ ಹೇಳಿದೆ: ದೇವರು ತನ್ನನ್ನು ಕಾಯುವನೆಂದು ನಂಬುವವನು, ಅದೇ ದೇವರು ಪಕ್ಕದವನನ್ನೂ ಕಾಯುತ್ತಾನೆಂಬುದನ್ನು ತನ್ನ ನಡತೆಯಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ.